ಫೋಕ್ಸಲ್
19ನೇ ಶತಮಾನದ ಬ್ರಿಟಿಷ್ ವ್ಯಾಪಾರಿ ಹಾಯಿಹಡಗುಗಳಲ್ಲಿ ಸಾಮಾನ್ಯ ನಾವಿಕರು ವಾಸಿಸುತ್ತಿದ್ದ ಕೋಣೆ. ಇದು ಹಡಗಿನ ಮುಂತುದಿಯಲ್ಲಿ, ಅಲೆಗಳ ಹೊಡೆತ ನೇರವಾಗಿ ಬೀಳುವ ಕಡೆ ಇರುತ್ತಿತ್ತು. ಕ್ಯಾಪ್ಟನ್ನನ ಕೋಣೆ ಹಿಂಭಾಗದಲ್ಲಿ. ಒಂದರ ಮೇಲೊಂದು ಮರದ ಮಂಚ, ಮಂಕು ಎಣ್ಣೆದೀಪ, ತಲೆಗೊಂದು ಪೆಟ್ಟಿಗೆ, ಇಷ್ಟೇ ಸಾಮಾನು. ಹುಲ್ಲು ತುಂಬಿದ ಹಾಸಿಗೆಯನ್ನೂ ತಟ್ಟೆ ಲೋಟಗಳನ್ನೂ ನಾವಿಕನೇ ಕೊಂಡು ತರಬೇಕಿತ್ತು. ಡೆಕ್ಕಿನ ಸಂದುಗಳಿಂದ ನೀರು ಜಿನುಗಿ ಆ ಹಾಸಿಗೆ ತೊಯ್ದರೆ, ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತುವ ಚಳಿಯಲ್ಲಿ ವಾರಗಟ್ಟಲೆ ಒಣಗುತ್ತಿರಲಿಲ್ಲ. ನಾಲ್ಕು ಗಂಟೆ ದುಡಿದವನು ಒದ್ದೆ ಬಟ್ಟೆಯಲ್ಲೇ ಒರಗಿ, ನಾಲ್ಕು ಗಂಟೆ ಕಳೆಯುತ್ತಲೇ ಮತ್ತೆ ಕೆಲಸಕ್ಕೆ ಏಳುತ್ತಿದ್ದ. ಬಿರುಗಾಳಿ ಎದ್ದರೆ ಆ ನಿದ್ದೆಯೂ ಇಲ್ಲ.

ಊಟ ಉಪ್ಪುಮಾಂಸ, ಬಟಾಣಿ, ಗಟ್ಟಿ ಬಿಸ್ಕತ್ತು. ಬಿಸ್ಕತ್ತನ್ನು ಹಲಗೆಗೆ ತಟ್ಟಿ ಹುಳು ಉದುರಿಸಿ ತಿನ್ನುತ್ತಿದ್ದರು. ಸ್ಕರ್ವಿ ರೋಗ ತಡೆಯಲು ನಿಂಬೆರಸ ಕೊಡಬೇಕೆಂಬ ಕಾನೂನಿತ್ತು.

1867ರ ಕಾಯ್ದೆ ಪ್ರತಿ ನಾವಿಕನಿಗೆ 72 ಘನ ಅಡಿ ಜಾಗ ನಿಗದಿಪಡಿಸಿತು: ಆರಡಿ ಉದ್ದ, ಎರಡಡಿ ಅಗಲ, ಆರಡಿ ಎತ್ತರದಷ್ಟು. ಮನುಷ್ಯನ ಬಾಳಿಗೆ ಇದು ನಾಚಿಕೆಗೇಡಿನ ಅಳತೆ. 1906ರಲ್ಲಿ ಅದು 120 ಘನ ಅಡಿಗೇರಿತು. ಬ್ರಿಟಿಷ್ ಹಡಗುಗಳಲ್ಲೇ ದುಡಿಯುತ್ತಿದ್ದ ಭಾರತೀಯ ಲಸ್ಕರ್ ನಾವಿಕರನ್ನು ಮಾತ್ರ ಈ ಹೆಚ್ಚಳದಿಂದ ಹೊರಗಿಡಲಾಯಿತು.