ಗದುಗಿನ ಕಿವಿ ಮತ್ತು ವೋಲ್ಟಿನ ಲೆಕ್ಕ

ಗದಗ-ಬೆಟಗೇರಿಯ ಸಂಗೀತದ ಚರಿತ್ರೆಯಲ್ಲಿ ಹಾಡಿದವರ ಹೆಸರು ಧಾರಾಳವಾಗಿ ಸಿಗುತ್ತದೆ. ಕೇಳಿದವರ ಕಿವಿಗೆ ಆ ಹಾಡು ಎಷ್ಟು ಶುದ್ಧವಾಗಿ ತಲುಪಿತು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಕೇಳಿಕೊಂಡಿಲ್ಲ. 1922ರಲ್ಲಿ ಗದುಗಿನಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮನಸೋತು, ಗುರುವನ್ನು ಅರಸುತ್ತ ಮನೆ ಬಿಟ್ಟರು. ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನಿಗೆ ವೋಲ್ಟೇಜಿನ ಹಂಗಿರಲಿಲ್ಲ. ರೇಡಿಯೋ ಬಂದ ಮೇಲೆ ಆ ಹಂಗು ಶುರುವಾಯಿತು.

1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಆರಂಭವಾಯಿತು. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಆಗ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಗದಗ ಜಿಲ್ಲೆಯಾದದ್ದು 1997ರಲ್ಲಿ. ಮುಂದೆ ಟ್ರಾನ್ಸಿಸ್ಟರ್ ಬಂದು, ಕರೆಂಟಿಲ್ಲದ ಮನೆಗೂ ಹೊಲಕ್ಕೂ ರೇಡಿಯೋ ಹೋಯಿತು. ನಾಲ್ಕು ಸೆಲ್ಲು, 6 ವೋಲ್ಟು. ಅದರಿಂದ 8 ಓಮ್ ಸ್ಪೀಕರಿಗೆ ನೇರವಾಗಿ ಸಿಗುವುದು ಹೆಚ್ಚೆಂದರೆ 2.1 ವೋಲ್ಟು, ಅಂದರೆ ಅರ್ಧ ವ್ಯಾಟಿನ ಆಸುಪಾಸು. ಸೆಲ್ಲು ಸೊರಗಿ 4 ವೋಲ್ಟಿಗೆ ಇಳಿದರೆ ಕಾಲು ವ್ಯಾಟು. ಅದನ್ನು ಮೀರಿ ದನಿ ಏರಿಸಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ತಾರಸ್ಥಾಯಿ ಒಡೆಯುತ್ತದೆ. ಜನ ಸೆಲ್ಲನ್ನು ಬಿಸಿಲಿಗಿಟ್ಟು ಜೀವ ತುಂಬಲು ನೋಡುತ್ತಿದ್ದದ್ದು ಈ ಕಾಲು ವ್ಯಾಟಿಗಾಗಿ.

ಹೀಗಾಗಿ ರಿಸೀವರಿನ ಗುಣವನ್ನು ಒಂದೇ ಅಂಕಿಯಲ್ಲಿ ಹೇಳಲಾಗದು. ಸ್ಪೀಕರಿನ ಜಾಗದಲ್ಲಿ ರೆಸಿಸ್ಟರ್ ಕಟ್ಟಿ, 1000 ಹರ್ಟ್ಸಿನ ಸ್ವರ ಕೊಟ್ಟು, ಔಟ್‌ಪುಟ್ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಪ್ರತಿ ಮೆಟ್ಟಿಲಲ್ಲೂ ಗದ್ದಲ, ವಿಕೃತಿ ಎಷ್ಟೆಂದು ಅಳೆಯಬೇಕು. ಯಂತ್ರದ ಸ್ವಂತ ಗದ್ದಲ 1 ಮಿಲಿವೋಲ್ಟ್ ಎನ್ನಿ. 2 ವೋಲ್ಟಿನಲ್ಲಿ ಹಾಡು ಅದರ 2000 ಪಟ್ಟು, ಅಂದರೆ 66 ಡೆಸಿಬೆಲ್ ಮೇಲೆ. 0.1 ವೋಲ್ಟಿನಲ್ಲಿ ಬರೀ 100 ಪಟ್ಟು, 40 ಡೆಸಿಬೆಲ್. ಕೆಳಗೆ ಗದ್ದಲ, ಮೇಲೆ ವಿಕೃತಿ. ಒಳ್ಳೆಯ ದನಿ ಇವೆರಡರ ನಡುವೆ ಇದೆ.

ಜಾಹೀರಾತು ಕೂಗಿ ಹೇಳುವುದು ಗರಿಷ್ಠ ವ್ಯಾಟನ್ನು. ಆದರೆ ರಾತ್ರಿ ಮನೆಮಂದಿ ಮಲಗಿದ ಮೇಲೆ ಒಬ್ಬರೇ ಕೇಳುವವರಿಗೆ ಬೇಕಾದದ್ದು ಕೆಳಗಿನ ಮೆಟ್ಟಿಲಿನ ಶುದ್ಧಿ. ಆಲಾಪ ಮುಗಿದು ತಂಬೂರಿಯೊಂದೇ ಉಳಿಯುವ ಆ ಗಳಿಗೆ ಸೆಟ್ಟಿನ ಗರಗರದಲ್ಲಿ ಮುಳುಗಿದರೆ, ಕೇಳುಗನ ಪಾಲಿಗೆ ಶ್ರುತಿಯೇ ಇಲ್ಲವಾಗುತ್ತದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಕಿವಿಯಿಂದಲೇ ಸ್ವರ ಕಲಿಯುತ್ತ ಬಂದಿದ್ದಾರೆ. ಅಂಥ ಊರಿನ ಆಲಿಸುವಿಕೆಯ ಚರಿತ್ರೆ ಬರೆಯುವಾಗ, ಹಾಡಿದವರು ಯಾರು ಎಂಬುದರ ಜತೆಗೆ ಎಷ್ಟು ವೋಲ್ಟಿನಲ್ಲಿ ಕೇಳಿತು ಎಂಬುದನ್ನೂ ಬರೆಯಬೇಕು ಎನ್ನುತ್ತೇನೆ.