ಹೆಸರು ಬರೆಯದೆ ಉಳಿದ ರಾಗಿ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಅವನು ಬೀಜೋತ್ಪಾದನೆಗೆ ಸಂಬಂಧಿಸಿದ ಉದ್ಯೋಗದಲ್ಲಿದ್ದಾನೆ. ಮಾತಿನ ನಡುವೆ, ಗೋಧಿಯ ಹೊಸ ತಳಿಯೊಂದು ಬಂದರೆ ಅದರ ಇಳುವರಿಯ ಜೊತೆಗೆ ಬ್ರೆಡ್ಡು, ಚಪಾತಿ, ಬಿಸ್ಕತ್ತುಗಳಿಗೆ ಅದು ಎಷ್ಟು ಯೋಗ್ಯವೆಂಬುದನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆಂದು ವಿವರಿಸಿದ. ಅನಂತರ ನಗುತ್ತಾ, "ಸಾರ್, ನಮ್ಮ ಗೌರಿಬಿದನೂರಿನ ರಾಗಿಗೆ ಇಂಥ ಪರೀಕ್ಷೆಯನ್ನು ಯಾರು ಮಾಡುತ್ತಿದ್ದರು?" ಎಂದು ಕೇಳಿದ. "ನಮ್ಮ ಅಜ್ಜಿ" ಎಂದೆ. ಅವನು ಅದನ್ನು ತಮಾಷೆಯೆಂದು ತಿಳಿದ. ನಾನು ಹೇಳಿದ್ದು ತಮಾಷೆಯಾಗಿರಲಿಲ್ಲ. ಆದ್ದರಿಂದಲೇ ಈ ಲೇಖನ.

ಗೋಧಿಯ ಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಅದರ ಪ್ರೋಟೀನುಗಳು ಸೇರಿ ಗ್ಲುಟೆನ್ ಎಂಬ ಹಿಗ್ಗುವ ಜಾಲವಾಗುತ್ತದೆ. ಹುದುಗಿನಿಂದ ಹುಟ್ಟುವ ಅನಿಲವನ್ನು ಅದು ಹಿಡಿದಿಟ್ಟುಕೊಳ್ಳುವುದರಿಂದಲೇ ಬ್ರೆಡ್ಡು ಉಬ್ಬುತ್ತದೆ. ಹಿಟ್ಟು ಎಷ್ಟು ನೀರು ಹೀರಿತು, ಕಣಕ ಎಷ್ಟು ಹೊತ್ತು ಬಿಗಿಯಾಗಿ ನಿಂತಿತು, ಬೆಂದ ಬ್ರೆಡ್ಡಿನ ಗಾತ್ರವೆಷ್ಟು ಎಂಬುದನ್ನೆಲ್ಲ ಅಳೆಯಲು ಯಂತ್ರಗಳೂ ವಿಧಾನಗಳೂ ಇವೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಕುದಿಯುವ ನೀರಿನಲ್ಲಿ ಪಿಷ್ಟ ಬೆಂದು ಅಂಟಾಗುವುದರಿಂದಲೇ ಮುದ್ದೆ ಕಟ್ಟಲು ಸಾಧ್ಯ. ನಮ್ಮ ಮನೆಯಲ್ಲಿ ಅದನ್ನು ಅಳೆಯುವ ಉಪಕರಣಗಳೆಂದರೆ ಹಿಟ್ಟಿನ ಕೋಲು, ಅಜ್ಜಿಯ ಅಂಗೈ ಮತ್ತು ಉಣ್ಣುವವರ ಗಂಟಲು.

ರಾಗಿ ತಳಿಗಳ ಇತಿಹಾಸವನ್ನು ಬರೆಯುವವರು ಸಿ.ಎಚ್. ಲಕ್ಷ್ಮಣಯ್ಯನವರನ್ನು (1921-1993) ಬಿಟ್ಟು ಮುಂದೆ ಹೋಗಲಾರರು. 'ರಾಗಿ ಲಕ್ಷ್ಮಣಯ್ಯ' ಎಂದೇ ಅವರು ಪ್ರಸಿದ್ಧರು. ರಾಗಿಯ ಹೂವು ಅತಿ ಸಣ್ಣದು ಮತ್ತು ತನ್ನ ಪರಾಗದಿಂದಲೇ ಕಾಳು ಕಟ್ಟುವಂಥದು. ಒಂದೊಂದು ಹೂವನ್ನೂ ಬಿಡಿಸಿ ಅದರ ಗಂಡುಭಾಗವನ್ನು ಕೀಳುವುದು ಬಲು ಕಷ್ಟದ ಕೆಲಸ. ಅದಕ್ಕಾಗಿ ಎರಡು ತಳಿಗಳ ತೆನೆಗಳನ್ನು ಹೂವಾಗುವ ಮೊದಲೇ ಒಂದಕ್ಕೊಂದು ತಾಗುವಂತೆ ಕಟ್ಟುವ ಉಪಾಯವೊಂದಿದೆ. ಹಸಿರು ಗಿಡವನ್ನು ತಾಯಿಯಾಗಿಯೂ ನೇರಳೆ ಛಾಯೆಯ ಗಿಡವನ್ನು ತಂದೆಯಾಗಿಯೂ ಆರಿಸಿದರೆ, ತಾಯಿಯ ಬೀಜ ಬಿತ್ತಿದಾಗ ಹಸಿರು ಸಸಿಗಳ ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಸಸಿ ಕಾಣಿಸುತ್ತದೆ. ಅದೇ ಸಂಕರ.

ಮಂಡ್ಯದ ವಿ.ಸಿ. ಫಾರಂ ಲಕ್ಷ್ಮಣಯ್ಯನವರ ಮುಖ್ಯ ಕರ್ಮಭೂಮಿಯಾಗಿತ್ತು. ಮೊದಲು ಅವರು ಭಾರತೀಯ ತಳಿಗಳನ್ನೇ ಪರಸ್ಪರ ಕೂಡಿಸಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ ಮುಂತಾದ ತಳಿಗಳನ್ನು ನೀಡಿದರು. ಅನಂತರ ರಾಗಿಯ ತವರಾದ ಆಫ್ರಿಕದ ತಳಿಗಳೊಡನೆ ನಮ್ಮ ರಾಗಿಯನ್ನು ಕೂಡಿಸಿದರು. ಇಂಡಿಯಾ ಮತ್ತು ಆಫ್ರಿಕ ಸೇರಿ 'ಇಂಡಾಫ್' ಆಯಿತು. ಅದರ ಹಲವು ತಳಿಗಳು 1970 ಮತ್ತು 80ರ ದಶಕಗಳಲ್ಲಿ ಮೈಸೂರು ಸೀಮೆಯ ಹೊಲಗಳನ್ನು ತುಂಬಿದವು. ರಾಗಿಯನ್ನು ಕಾಡುವ ಬೆಂಕಿ ರೋಗವನ್ನು ಚೆನ್ನಾಗಿ ತಾಳಿಕೊಳ್ಳುವ ಜಿ.ಪಿ.ಯು.-28 ತಳಿ 1990ರ ದಶಕದ ಉತ್ತರಾರ್ಧದಲ್ಲಿ ಬಂದಿತು. ಅದರ ವಂಶದಲ್ಲಿಯೂ ಇಂಡಾಫ್ ಇದೆ.

ನಮ್ಮ ಮನೆಗೆ ಇಂಡಾಫ್ ಬಂದದ್ದು 1970ರ ದಶಕದ ಕೊನೆಯಲ್ಲಿ. ಆಗ ಗೌರಿಬಿದನೂರು ಇನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ಉಣ್ಣುವವರು ಒಂಬತ್ತು ಮಂದಿ, ನಂಬಿದ್ದು ಮಳೆಯ ಹೊಲ. ಮೊದಲ ಸುಗ್ಗಿಯಲ್ಲಿ ಕಣದ ರಾಶಿಯನ್ನು ಕಂಡ ತಂದೆಯವರ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನಾನು ಮರೆತಿಲ್ಲ. ಆ ವರ್ಷ ಆಷಾಢದಲ್ಲಿ ನಾವು ಯಾರ ಮನೆಗೂ ರಾಗಿ ಸಾಲಕ್ಕೆ ಹೋಗಲಿಲ್ಲ.

ಅಜ್ಜಿ ಮಾತ್ರ ಸುಲಭವಾಗಿ ಒಪ್ಪಲಿಲ್ಲ. ಹೊಸ ರಾಗಿಯ ಮುದ್ದೆಯನ್ನು ಬೆಳಿಗ್ಗೆ ಕಟ್ಟಿ ಒಂದನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಮಧ್ಯಾಹ್ನ ಬಿಚ್ಚಿ ಬೆರಳಿನಿಂದ ಒತ್ತಿ ನೋಡಿದರು. "ಬಿಸೀಲಿ ಚೆನ್ನಾಗಿದೆ ಕಣಪ್ಪ. ಹೊಲಕ್ಕೆ ಕಟ್ಕೊಂಡು ಹೋದ್ರೆ ಗಟ್ಟಿಯಾಗುತ್ತೆ. ನಮ್ಮ ರಾಗೀನೂ ನಾಲ್ಕು ಸಾಲು ಇರ್ಲಿ" ಎಂದರು. ಅದು ತಳಿಯ ದೋಷವೋ, ಬೀಸುಕಲ್ಲನ್ನು ಬಿಟ್ಟು ಮಿಲ್ಲಿಗೆ ಹಾಕಿಸಿದ ಹಿಟ್ಟಿನ ತರಿಯೋ, ಕಾಳು ಹೊಸದಾಗಿದ್ದುದರ ಫಲವೋ ಎಂದು ನಾವು ಯಾರೂ ಬೇರ್ಪಡಿಸಿ ನೋಡಲಿಲ್ಲ. ಮುಂದೆ ವಿಜ್ಞಾನದ ಪಾಠ ಮಾಡಿದ ನಾನೂ ಅಂದು ಆ ಪ್ರಶ್ನೆಯನ್ನು ಕೇಳಲಿಲ್ಲ.

ತಂದೆಯವರು ಅಜ್ಜಿಯ ಮಾತಿನಂತೆ ಬದುವಿನ ಪಕ್ಕದಲ್ಲಿ ಹಳೆಯ ರಾಗಿಯನ್ನು ಬಿತ್ತುತ್ತಿದ್ದರು. ಅಜ್ಜಿಯೇ ಒಳ್ಳೆಯ ತೆನೆಗಳನ್ನು ಆರಿಸಿ, ಬೂದಿ ಬೆರೆಸಿ ಮಡಕೆಯಲ್ಲಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಮಡಕೆಯ ಜವಾಬ್ದಾರಿ ಯಾರದೂ ಆಗಲಿಲ್ಲ. ಒಂದು ಬರಗಾಲದಲ್ಲಿ ಮಡಕೆಯ ಬೀಜವೂ ಹಿಟ್ಟಾಯಿತು. ತಂದೆಯವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸು ಬಾರದು. ಹಸಿದ ಮಕ್ಕಳ ಮುಂದೆ ಬೀಜವನ್ನು ಬೀಜವಾಗಿಯೇ ಕಾಪಾಡುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ.

ಸರ್ಕಾರಿ ದಾಖಲೆಯಲ್ಲಿ ತಳಿಗೆ ಎರಡು ದಾರಿಗಳಿವೆ. ಹಲವು ಕಡೆ, ಹಲವು ವರ್ಷ ಬೆಳೆದು ನೋಡಿ ತಳಿಯನ್ನು ಬಿಡುಗಡೆ ಮಾಡಿದ ಮೇಲೆ, 1966ರ ಬೀಜ ಕಾಯ್ದೆಯಡಿ ಅಧಿಸೂಚನೆ ಹೊರಡಿಸುವುದು ಒಂದು. ಇನ್ನೊಂದು, 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ನೋಂದಣಿ. ಇದರ ಪ್ರಾಧಿಕಾರ 2005ರಲ್ಲಿ ಸ್ಥಾಪನೆಯಾಯಿತು. ಇಲ್ಲಿ ಕೇಳುವುದು ತಳಿ ಭಿನ್ನವಾಗಿದೆಯೇ, ಏಕರೂಪವಾಗಿದೆಯೇ, ಸ್ಥಿರವಾಗಿದೆಯೇ ಎಂದು. ತೆನೆಯ ಬೆರಳುಗಳು ಮುಷ್ಟಿಯಂತೆ ಮಡಚಿವೆಯೋ ಬಿಚ್ಚಿವೆಯೋ, ಕಾಳಿನ ಬಣ್ಣವೇನು ಎಂಬುದೆಲ್ಲ ಅಲ್ಲಿ ಲಕ್ಷಣಗಳೇ. ಮಧ್ಯಾಹ್ನದ ಮುದ್ದೆ ಹೇಗಿರುತ್ತದೆ ಎಂಬುದು ಆ ಮೂರು ಪ್ರಶ್ನೆಗಳಲ್ಲಿ ಬರುವುದಿಲ್ಲ. ಆದರೂ ರೈತರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ತಳಿಯನ್ನು ಅವರ ಹೆಸರಿನಲ್ಲಿಯೇ ನೋಂದಾಯಿಸಲು ಈ ಕಾಯ್ದೆ ಅವಕಾಶ ನೀಡಿರುವುದು ದೊಡ್ಡ ಸಂಗತಿ.

ಈ ಕಾಯ್ದೆಯ ವಿಷಯವನ್ನು ಓದಿದ ದಿನ ನಾನು ಅಜ್ಜಿಯ ರಾಗಿಯ ಲಕ್ಷಣಗಳನ್ನು ನೆನಪಿನಿಂದ ಬರೆಯಲು ಕುಳಿತೆ. ನೋಂದಣಿಗೆ ತಳಿಯ ಹೆಸರು ಬೇಕು. ಕರಿಗಿಡ್ಡ, ಉಂಡೆ ರಾಗಿ, ಮಜ್ಜಿಗೆ ರಾಗಿ ಎಂದು ಬೇರೆ ತಳಿಗಳಿಗೆ ಹೆಸರುಗಳಿವೆ. ನಮ್ಮದನ್ನು ಮನೆಯಲ್ಲಿ ಎಲ್ಲರೂ 'ನಮ್ಮ ರಾಗಿ' ಎಂದೇ ಕರೆಯುತ್ತಿದ್ದೆವು. ಕಾಗದದ ಮೇಲೆ ಅದಕ್ಕಿಂತ ಮುಂದಕ್ಕೆ ಒಂದು ಸಾಲನ್ನೂ ಖಚಿತವಾಗಿ ಬರೆಯಲಾಗಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರತಿದಿನ ಹಾಜರಿ ಪುಸ್ತಕ ತೆರೆದು, ಒಂದು ಹೆಸರೂ ತಪ್ಪದಂತೆ ಕರೆದವನು ನಾನು. ನಮ್ಮ ಹೊಲದಲ್ಲಿಯೇ ಇದ್ದುದನ್ನು ಯಾವ ಪುಸ್ತಕದಲ್ಲಿಯೂ ಬರೆದಿಡಲಿಲ್ಲ.

ಇಂಡಾಫ್ ಹುಟ್ಟಿದ್ದೂ ಹೀಗೆಯೇ ಯಾರೋ ಉಳಿಸಿದ್ದ ಹಳೆಯ ರಾಗಿಯಿಂದ. ಆದ್ದರಿಂದ ಓದುಗ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ಊರಿನಲ್ಲಿ ಯಾವುದಾದರೂ ಅಜ್ಜಿಯ ಮಡಕೆಯಲ್ಲಿ ಹಳೆಯ ರಾಗಿ ಇನ್ನೂ ಇದ್ದರೆ ಅದರ ಹೆಸರು, ತೆನೆಯ ಆಕಾರ, ಕೊಯ್ಲಿಗೆ ಬರುವ ದಿನಗಳು, ಮುದ್ದೆಯ ಗುಣ ಎಲ್ಲವನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಹಿಡಿಯಷ್ಟು ಬೀಜವನ್ನು ಕೃಷಿ ವಿಶ್ವವಿದ್ಯಾನಿಲಯದವರಿಗೆ ತಲುಪಿಸಿ, ಇನ್ನೊಂದು ಹಿಡಿಯನ್ನು ಈ ಮುಂಗಾರಿನಲ್ಲಿಯೇ ಬಿತ್ತಿ. ಹೆಸರಿಲ್ಲವೆಂದರೆ ಆ ಅಜ್ಜಿಯ ಹೆಸರನ್ನೇ ಇಡಿ.