ಸೋರೆಬುರುಡೆಯಿಂದ ಗಾಳಿಯಂಗಿಯವರೆಗೆ



ನಮ್ಮ ಕಾಟನ್‌ಪೇಟೆಗೂ ಈಜಿಗೂ ಎತ್ತಣ ಸಂಬಂಧ ಎಂದು ನೀವು ಕೇಳಬಹುದು. ಇಂದು ಸಂಬಂಧವೇನೂ ಇಲ್ಲ, ನಿಜ. ಆದರೆ ಅರಳೆಯ ವ್ಯಾಪಾರದಿಂದ ಹೆಸರು ಪಡೆದ ಈ ಪೇಟೆಯ ಕೂಗಳತೆಯಲ್ಲೇ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ ತುಂಬಿ ನಿಂತಿತ್ತು. ಊರಿಗೆ ನೀರುಣಿಸುತ್ತಿದ್ದ ಆ ಕೆರೆ ಮುಂದೆ ಬತ್ತಿ, ಮೈದಾನವೆನಿಸಿ, ಕಡೆಗೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ಹರಿದು ಬಂದ ಮೇಲೆ ಊರ ನಡುವಿನ ಕೆರೆಗಳ ಹಂಗು ಜನಕ್ಕೆ ಕಡಿಮೆಯಾಯಿತು. ಹಂಗು ತಪ್ಪಿದ ಮೇಲೆ ಅಕ್ಕರೆಯೂ ತಪ್ಪಿತು. ಹೀಗಾಗಿ ನಮ್ಮ ತಲೆಮಾರಿನ ಪೇಟೆಯ ಮಕ್ಕಳಲ್ಲಿ ಈಜು ಬಲ್ಲವರು ಬಹುಪಾಲು ಬೇಸಿಗೆ ರಜೆಗೆ ಅಜ್ಜಿಯ ಹಳ್ಳಿಗೆ ಹೋಗಿ ಕಲಿತವರೇ. ನಾನೂ ಅವರಲ್ಲೊಬ್ಬ.

ಹಳ್ಳಿಯ ತೋಟದ ಬಾವಿಯಲ್ಲಿ ನಮಗೆ ದೊರೆಯುತ್ತಿದ್ದ ಸಾಧನ ಒಣಗಿದ ಸೋರೆಬುರುಡೆ. ಬಲಿತ ಸೋರೆಕಾಯಿಯನ್ನು ಬಳ್ಳಿಯಲ್ಲೇ ಬಿಟ್ಟು ಒಣಗಿಸಿದರೆ ಒಳಗಿನ ತಿರುಳು ಸೊರಗಿ, ಹೊರಗಿನ ತೊಗಟೆ ಮರದಂತೆ ಗಟ್ಟಿಯಾಗುತ್ತದೆ. ಅಂಥ ಬುರುಡೆಯನ್ನು ಹಗ್ಗದಿಂದ ಮೈಗೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಅದು ಸಿಗದಿದ್ದಲ್ಲಿ ಬೆಂಡಿನ ಕಟ್ಟು. ನನ್ನ ತಾತ ಆರ್ಕಿಮಿಡೀಸನ ಹೆಸರನ್ನು ಕೇಳಿದವರಲ್ಲ. ಆದರೂ ಯಾವ ಮಗುವಿಗೆ ಯಾವ ಬುರುಡೆ ಎಂಬುದನ್ನು ಮಗುವನ್ನು ಒಮ್ಮೆ ಎತ್ತಿ ನೋಡಿಯೇ ನಿರ್ಧರಿಸುತ್ತಿದ್ದರು. ಸಣ್ಣ ಮೈಯ ಮಗುವಿನ ಸೊಂಟಕ್ಕೆ ದೊಡ್ಡ ಬುರುಡೆ ಕಟ್ಟಿದರೆ ಸೊಂಟ ಮೇಲಕ್ಕೆದ್ದು ತಲೆ ನೀರಿಗೆ ಬಾಗುತ್ತದೆ. ತೇಲಿಸಬೇಕಾದ್ದೇ ಮುಳುಗಿಸುತ್ತದೆ! ಆದ್ದರಿಂದ ಸಣ್ಣವರಿಗೆ ಸಣ್ಣ ಬುರುಡೆ, ಅದೂ ಎದೆಯ ಮಟ್ಟಕ್ಕೆ, ಜಾರದಂತೆ ಬಿಗಿಯಾಗಿ. ಮೂರು ಲೀಟರು ಹಿಡಿಸುವಷ್ಟು ಗಾತ್ರದ ಬುರುಡೆ ಪೂರ್ತಿ ಮುಳುಗಿದಾಗ ಸುಮಾರು ಮೂರು ಕಿಲೋಗ್ರಾಂ ಭಾರವನ್ನು ಎತ್ತಿ ಹಿಡಿಯುತ್ತದೆ. ಮುಖವೊಂದನ್ನು ನೀರಿನ ಮೇಲಿಡಲು ಮಗುವಿಗೆ ಅಷ್ಟು ಧಾರಾಳ. ಒಂಬತ್ತನೆಯ ತರಗತಿಯ ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಈ ಬುರುಡೆಯ ವಂಶ ಬಹು ಪ್ರಾಚೀನ. ಜೈನರ ತತ್ತ್ವಾರ್ಥಸೂತ್ರದ ಹತ್ತನೆಯ ಅಧ್ಯಾಯದಲ್ಲಿ, ಮುಕ್ತಾತ್ಮವು ಊರ್ಧ್ವಮುಖವಾಗಿ ಏಕೆ ಸಾಗುತ್ತದೆ ಎಂಬುದಕ್ಕೆ ಕೊಡುವ ದೃಷ್ಟಾಂತಗಳಲ್ಲಿ ಒಂದು ಮಣ್ಣಿನ ಲೇಪ ಕಳಚಿದ ಸೋರೆಬುರುಡೆ. ಲೇಪವಿದ್ದಾಗ ತಳ ಸೇರಿದ್ದ ಬುರುಡೆ, ಮಣ್ಣು ಕರಗಿದಂತೆ ತಾನಾಗಿ ಮೇಲೇಳುತ್ತದೆ. ಕರ್ಮಸಿದ್ಧಾಂತವನ್ನು ಪಂಡಿತರಿಗೆ ಬಿಡೋಣ. ಭಾರ ಮತ್ತು ತೇಲುವಿಕೆಗಳ ಲೆಕ್ಕ ನಮ್ಮ ಪೂರ್ವಿಕರಿಗೆ ಎಷ್ಟು ಪರಿಚಿತವಾಗಿತ್ತೆಂಬುದಷ್ಟೇ ಇಲ್ಲಿ ಪ್ರಸ್ತುತ. ಕ್ರಿ.ಪೂ. ಒಂಬತ್ತನೆಯ ಶತಮಾನದ ಅಸ್ಸೀರಿಯಾದ ದೊರೆ ಎರಡನೆಯ ಅಶುರ್‌ನಾಸಿರ್‌ಪಾಲನ ಅರಮನೆಯ ಉಬ್ಬುಶಿಲ್ಪವೊಂದರಲ್ಲಿ, ಗಾಳಿ ತುಂಬಿದ ಚರ್ಮದ ಚೀಲಗಳನ್ನು ಅಪ್ಪಿಕೊಂಡು ನದಿ ದಾಟುವ ಜನರನ್ನು ಕಾಣಬಹುದು. ಅದೀಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಇದೇ ಜಗತ್ತಿನ ಮೊದಲ ಮುಳುಗುಗಾರರ ಚಿತ್ರವೆಂದು ಕೆಲವರು ಬರೆಯುವುದುಂಟು. ಅದು ಅತಿಶಯೋಕ್ತಿ. ಅವರು ನೀರಿನ ಮೇಲೆ ಈಜುತ್ತಿರುವವರು. ಚೀಲ ಉಸಿರಾಟಕ್ಕಲ್ಲ, ತೇಲುವುದಕ್ಕೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಯ ಕಡೆಗೆ ದಾಟಿಸುತ್ತಿದ್ದ, ಚರ್ಮ ಹೊದಿಸಿದ ದುಂಡು ಹರಿಗೋಲುಗಳನ್ನು ವರ್ಣಿಸಿದ್ದಾನೆ. ಅದೂ ಇದೇ ವಂಶದ ದೊಡ್ಡಣ್ಣ.

ಎಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ಕೊರಿಯಾದ ಜೆಜು ದ್ವೀಪದ ಹೆಣ್ಣುಮಕ್ಕಳ ಕಥೆ. ‘ಹೆನ್ಯೊ’ ಎಂದು ಕರೆಸಿಕೊಳ್ಳುವ ಇವರು ಸಿಲಿಂಡರಿನ ನೆರವಿಲ್ಲದೆ, ಉಸಿರು ಬಿಗಿಹಿಡಿದು ಕಡಲ ತಳಕ್ಕಿಳಿದು ಚಿಪ್ಪುಜೀವಿಗಳನ್ನೂ ಕಡಲಪಾಚಿಯನ್ನೂ ತರುತ್ತಾರೆ. ಅಜ್ಜಿಯರಾದವರೂ ಈ ಕೆಲಸ ಬಿಟ್ಟಿಲ್ಲ. ಮೇಲೆದ್ದಾಗ ಎದೆಯಾನಿಸಿ ದಣಿವಾರಿಸಿಕೊಳ್ಳಲು ಅವರು ಬಳಸುತ್ತಿದ್ದುದು ‘ತೆವಾಕ್’. ಅದು ಮತ್ತೇನೂ ಅಲ್ಲ, ಒಣಗಿದ ಸೋರೆಬುರುಡೆ! ಈಚಿನ ದಶಕಗಳಲ್ಲಿ ಅದರ ಜಾಗಕ್ಕೆ ಥರ್ಮೊಕೋಲಿನಂಥ ಹಗುರ ವಸ್ತು ಬಂದಿದೆ. 2016ರಲ್ಲಿ ಯುನೆಸ್ಕೊ ಈ ಪರಂಪರೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ತೋಟದ ಬಾವಿಗೂ ಆ ದೂರದ ಕಡಲಿಗೂ ಒಂದೇ ಕಾಯಿ!

1943ರಲ್ಲಿ ಫ್ರಾನ್ಸಿನ ಕುಸ್ಟೊ ಮತ್ತು ಗಾನ್ಯಾನ್ ಅವರು ಮುಳುಗುಗಾರನ ಬೆನ್ನಿನ ಗಾಳಿಯ ಸಿಲಿಂಡರಿಗೆ ಹೊಂದುವ ಯಂತ್ರವನ್ನು ರೂಪಿಸಿದರು. ಅದರಿಂದ ಉಸಿರಿನ ತೊಡಕು ನೀಗಿತು. ತೇಲುವಿಕೆಯ ತೊಡಕು ಉಳಿಯಿತು. ಕಡಲಿನಲ್ಲಿ ಹತ್ತು ಮೀಟರು ಇಳಿದರೆ ಒತ್ತಡ ಎರಡರಷ್ಟಾಗುತ್ತದೆ, ಮೈಗೆ ತೊಟ್ಟ ರಬ್ಬರಿನ ಉಡುಪಿನೊಳಗಿನ ಗಾಳಿಗುಳ್ಳೆಗಳು ಕುಗ್ಗುತ್ತವೆ, ತೇಲುಬಲ ತಗ್ಗುತ್ತದೆ. ಮೇಲೇರುವಾಗ ಇದರ ತಿರುವುಮುರುವು. 1961ರಲ್ಲಿ ಮಾರಿಸ್ ಫೆನ್ಜಿ ಎಂಬ ಫ್ರೆಂಚನು ಪೇಟೆಂಟ್ ಪಡೆದ ಸಾಧನ ಕೊರಳಿಗೆ ಹಾಕಿಕೊಳ್ಳುವ ಗಾಳಿಚೀಲ. ಜೊತೆಗೆ ಅದನ್ನು ಉಬ್ಬಿಸಲು ಒಂದು ಪುಟ್ಟ ಸೀಸೆ. 1971ರಲ್ಲಿ ಸ್ಕೂಬಾಪ್ರೊ ಕಂಪನಿ ತೋಳು ತೂರಿಸಿ ತೊಡುವ ಅಂಗಿಯ ರೂಪವನ್ನು ತಂದಿತು. ಇಂದು ಬಿ.ಸಿ.ಡಿ. ಎಂದು ಎಲ್ಲರೂ ಕರೆಯುವುದು ಇದರ ಸಂತತಿಯನ್ನೇ. ನಾನು ಇದನ್ನು ಗಾಳಿಯಂಗಿ ಎನ್ನುತ್ತೇನೆ. ಗಂಡಸರ ಮೈಕಟ್ಟನ್ನು ಕಣ್ಣಮುಂದಿಟ್ಟುಕೊಂಡು ಬೆಳೆದ ಅಂಗಿ. ಇದಾವುದೂ ಇಲ್ಲದ 1950ರಲ್ಲೇ ವಿಯೆನ್ನಾದ ತರುಣಿ ಲೊಟ್ಟೆ ಕೆಂಪು ಸಮುದ್ರಕ್ಕಿಳಿದಿದ್ದಳು. ಮುಂದೆ ಅವಳನ್ನೇ ವರಿಸಿದ ಹಾನ್ಸ್ ಹಾಸ್, ಇಂಥ ಯಾತ್ರೆಯಲ್ಲಿ ಹೆಣ್ಣಿಗೇನು ಕೆಲಸವೆಂದು ಮೊದಲು ಒಲ್ಲೆನೆಂದಿದ್ದನಂತೆ! ಮರುವರ್ಷ ತೆರೆಕಂಡ ಅವನ ಕಡಲ ಚಲನಚಿತ್ರದಲ್ಲಿ ಜನ ಬೆರಗಿನಿಂದ ನೋಡಿದ್ದು ಅವಳನ್ನೇ.

ಇಷ್ಟು ಇತಿಹಾಸವನ್ನು ನಾನು ಅಗೆದು ತೆಗೆಯಲು ಕಾರಣ ನನ್ನ ತಂಗಿಯ ಮಗಳು. ಎತ್ತರ ನಾಲ್ಕು ಅಡಿ ಹತ್ತು ಅಂಗುಲ, ತೂಕ ನಲವತ್ತೆರಡು ಕಿಲೋ, ಧೈರ್ಯ ಮಾತ್ರ ಆರಡಿಯದು. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡಿ ಬಂದವಳು, “ಮಾವ, ಸಮುದ್ರಕ್ಕೆ ಹೆದರಲಿಲ್ಲ, ಆ ಅಂಗಿಗೆ ಹೆದರಿದೆ” ಎಂದಳು. ಬಾಡಿಗೆಗೆ ಕೊಟ್ಟ ಅಂಗಿ ಅವಳಿಗೆ ಎರಡು ಅಳತೆ ದೊಡ್ಡದು. ನೀರಿನ ಮೇಲೆ ಗಾಳಿ ತುಂಬಿದೊಡನೆ ಅಂಗಿ ಕಿವಿಯವರೆಗೆ ಏರಿತು. ಮೈ ಕೆಳಗೇ ಜೋತುಬಿದ್ದು ಅಲೆಯ ನೀರು ಬಾಯಿಗೆ ಬಡಿಯಿತು. ಬೆನ್ನ ಸಿಲಿಂಡರು ಅತ್ತಿತ್ತ ಹೊರಳಿ ಅವಳನ್ನೂ ಹೊರಳಿಸಿತು. ಕೊಟ್ಟವರು “ಬೆಲ್ಟ್ ಬಿಗಿ ಮಾಡಿ, ಸರಿಹೋಗುತ್ತೆ” ಎಂದರಂತೆ. ಸೊಂಟದ ಪಟ್ಟಿಯ ಎರಡು ತುದಿಗಳು ಒಂದರ ಮೇಲೊಂದು ಹಾಯ್ದ ಮೇಲೆ ಇನ್ನೆಲ್ಲಿಗೆ ಬಿಗಿ ಮಾಡುವುದು? ಇದು ಬರಿಯ ಅನನುಕೂಲದ ಮಾತಲ್ಲ, ಜೀವದ ಮಾತು. ಮುಂದಿನ ಬಾರಿ ಸ್ವಂತದ್ದೇ ಕೊಳ್ಳುವುದೆಂದು ನಾವಿಬ್ಬರೂ ಕುಳಿತು ತಿಳಿದವರನ್ನು ಕೇಳಿದೆವು, ಓದಿದೆವು.

ಮೊದಲನೆಯದಾಗಿ, ನಿಂತ ಎತ್ತರಕ್ಕಿಂತ ಭುಜದಿಂದ ಸೊಂಟದವರೆಗಿನ ಉದ್ದ ಮುಖ್ಯ. ನಮ್ಮ ಪೇಟೆಯ ಹಳೆಯ ದರ್ಜಿಗಳು ರವಿಕೆಗೆ ಅಳತೆ ತೆಗೆಯುವಾಗ ಇದನ್ನೇ ತಾನೇ ಮೊದಲು ಹಿಡಿಯುತ್ತಿದ್ದುದು! ಅಂಗಿ ಉದ್ದವಾದರೆ ಸಿಲಿಂಡರಿನ ತಳ ಪೃಷ್ಠಕ್ಕೆ ಬಡಿಯುತ್ತದೆ. ಮೇಲಕ್ಕೆ ಸರಿಸಿ ಕಟ್ಟಿದರೆ ಅದರ ಕವಾಟ ತಲೆಯ ಹಿಂಭಾಗಕ್ಕೆ ತಾಗಿ ಕತ್ತೆತ್ತಿ ನೋಡಲಾಗದು. ಈಜುಡುಪು ತೊಟ್ಟೇ ಅಂಗಿ ಹಾಕಿ ನೋಡಬೇಕು. ಸೊಂಟದ ಪಟ್ಟಿ ಬಿಗಿದ ಮೇಲೂ ಇನ್ನಷ್ಟು ಬಿಗಿಯಲು ಎಡೆಯುಳಿದಿರಬೇಕು. ಬೇರೊಬ್ಬರು ಭುಜಪಟ್ಟಿ ಹಿಡಿದು ಮೇಲಕ್ಕೆತ್ತಿದರೆ ಅಂಗಿಯೊಂದೇ ಕಿವಿಗೆ ಏರದೆ ಮೈಯೂ ಜೊತೆಗೆ ಏಳಬೇಕು. ಆಮೇಲೆ ಪೂರ್ತಿ ಗಾಳಿ ತುಂಬಿ ನೋಡಬೇಕು: ಎದೆ ಹಿಂಡಿ ಉಸಿರು ಕಟ್ಟಿದರೆ ಆ ಅಂಗಿ ಬೇಡ. ಗಾಳಿ ತುಂಬುವ, ಬಿಡುವ ಗುಂಡಿಗಳೂ ಎಳೆಯುವ ಹಗ್ಗಗಳೂ ಸಣ್ಣ ಕೈಗೆ ತಡಕಾಡದೆ ಎಟುಕಬೇಕು.

ಹೆಂಗಸರಿಗೆಂದೇ ಹೊಲಿದ ಅಂಗಿಗಳು ಈಗ ದೊರೆಯುತ್ತವೆ. ಬೆನ್ನಳತೆ ಗಿಡ್ಡ, ಭುಜಪಟ್ಟಿ ಎದೆಯನ್ನು ಬಳಸಿ ಬಾಗಿರುತ್ತದೆ. ಹಾಗೆಂದು ಬಣ್ಣವೊಂದನ್ನೇ ಬದಲಿಸಿ ಹೆಂಗಸರದೆಂದು ಮಾರುವವರಿಗೆ ಮರುಳಾಗಬಾರದು. ಗಾಳಿಚೀಲ ಬೆನ್ನಿಗೆ ಮಾತ್ರವಿರುವ, ಪಟ್ಟಿಗಳನ್ನು ಬೇಕಾದ ಉದ್ದಕ್ಕೆ ಹೊಂದಿಸಿಕೊಳ್ಳುವ ಬಗೆಯೂ ಉಂಟು. ಅಳತೆಗೆ ಸಿಗದ ಮೈಯವರಿಗೆ ಅದೇ ಮೇಲೆಂದು ನನ್ನ ಮತ. ಗಿಡ್ಡ ಬೆನ್ನಿಗೆ ಗಿಡ್ಡ ಹಲಗೆಯನ್ನು ಆರಿಸಬೇಕು. ಎತ್ತುವ ಬಲದ ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದೆಂಬುದು ಭ್ರಮೆ. ಬೆಚ್ಚನೆಯ ಕಡಲಿಗೆ, ತೆಳುವಾದ ಉಡುಪಿಗೆ, ಸಣ್ಣ ಮೈಗೆ ದೊಡ್ಡ ಚೀಲವೆಂದರೆ ತಾತ ಬೇಡವೆನ್ನುತ್ತಿದ್ದ ದೊಡ್ಡ ಬುರುಡೆಯೇ ಸರಿ.

ಭಾರದ ಸೀಸದ ವಿಚಾರವೂ ಇದಕ್ಕೆ ಅಂಟಿಕೊಂಡದ್ದೇ. ಸಣ್ಣವರಿಗೂ ಎಲ್ಲರಷ್ಟೇ ಸೀಸ ಕಟ್ಟಿಬಿಟ್ಟರೆ, ಆ ಹೆಚ್ಚುವರಿ ಭಾರವನ್ನು ಸರಿದೂಗಿಸಲು ಅಂಗಿಗೆ ಹೆಚ್ಚು ಗಾಳಿ ತುಂಬಬೇಕಾಗುತ್ತದೆ. ಗಾಳಿ ಹೆಚ್ಚಿದಷ್ಟೂ ಆಳ ಬದಲಾದಾಗಲೆಲ್ಲ ಮೇಲೆ ಕೆಳಗೆ ತುಯ್ದಾಟ. ಸಾಮಾನ್ಯವಾಗಿ ಕೊಡುವ ಅಲ್ಯೂಮಿನಿಯಂ ಸಿಲಿಂಡರು ಭರ್ತಿಯಾದಾಗ ಸುಮಾರು 17 ಕಿಲೋ. ನಲವತ್ತೆರಡು ಕಿಲೋ ಹುಡುಗಿಗೆ ಅದು ಅವಳ ತೂಕದ ಐದರಲ್ಲಿ ಎರಡು ಭಾಗ! ಸಣ್ಣ ಸಿಲಿಂಡರನ್ನು ಮೊದಲೇ ಕೇಳಿ ಗೊತ್ತುಮಾಡಿಕೊಳ್ಳುವುದು ಲೇಸು. ಸಣ್ಣ ಶ್ವಾಸಕೋಶಕ್ಕೆ ಸಾಮಾನ್ಯವಾಗಿ ಅಷ್ಟು ಗಾಳಿ ಸಾಲುತ್ತದೆ. ಒಳಗಿನ ಗಾಳಿ ಖರ್ಚಾದಂತೆ ಸಿಲಿಂಡರು ಹಗುರವಾಗುತ್ತದೆಂಬುದನ್ನೂ ಮರೆಯಬಾರದು. ಆದ್ದರಿಂದ ಸೀಸದ ಪರೀಕ್ಷೆಯನ್ನು ಬಹುಪಾಲು ಬರಿದಾದ ಸಿಲಿಂಡರಿನಿಂದ ಮಾಡಬೇಕು: ಅಂಗಿಯ ಗಾಳಿಯನ್ನೆಲ್ಲ ಬಿಟ್ಟು, ಸಾಧಾರಣ ಉಸಿರು ಹಿಡಿದು ನೆಟ್ಟಗೆ ನಿಂತರೆ ನೀರು ಕಣ್ಣಿನ ಮಟ್ಟಕ್ಕಿರಬೇಕು, ಉಸಿರು ಬಿಟ್ಟರೆ ಮೆಲ್ಲನೆ ಮುಳುಗಬೇಕು.

ತಂಗಿಯ ಮಗಳು ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದಾಳೆ. ಅವಳ ತಾಯಿ ಹೊಲಿಗೆಯ ಟೇಪು ಹಿಡಿದು ಭುಜದಿಂದ ಸೊಂಟಕ್ಕೆ ಅಳತೆ ತೆಗೆದುಕೊಟ್ಟಾಯಿತು. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಬಿಡುವುದಿಲ್ಲವಾದ್ದರಿಂದ ದೀಪಾವಳಿಯ ನಂತರವೇ ಅವಳ ಪ್ರಯಾಣ. ಅಷ್ಟರೊಳಗೆ ಈಜುಕೊಳದಲ್ಲಿ ಹೊಸ ಅಂಗಿಯ ಪರೀಕ್ಷೆ ನಡೆಯಬೇಕಾಗಿದೆ.